ಮೇ ತಿಂಗಳ ಹುಡುಗನಿಗೆ ಆಟ ಯಾಕೆ ಹತ್ತಂಗಿಲ್ಲ?

"ನಮ್ಮ ಹುಡುಗಗ ಆಟ ಹತ್ತಂಗಿಲ್ರಿ, ಕುಂಡಲಿಯೊಳಗ ಕುಜ ಬಲ ಇಲ್ಲ." ಕಲಬುರಗಿಯ ಎನ್‌.ವಿ. ಮೈದಾನದ ಅಂಚಿನಲ್ಲಿ ಇಂಥ ಮಾತು ಕಿವಿಗೆ ಬಿದ್ದಾಗ ಸಿಟ್ಟಿಗಿಂತ ನಗು ಬರುತ್ತದೆ. ಯಾಕೆಂದರೆ ಹುಟ್ಟಿದ ತಿಂಗಳಿಗೂ ಆಟಕ್ಕೂ ನಂಟಿರುವುದು ನಿಜ. ಆ ನಂಟು ಹಾಕುವುದು ಶಾಲೆಯ ದಾಖಲಾತಿ ಪುಸ್ತಕ. ಪಾಪ, ಕುಜನಿಗೆ ಇದು ಗೊತ್ತೂ ಇಲ್ಲ.

1980ರ ದಶಕದಲ್ಲಿ ಕೆನಡಾದ ಮನೋವಿಜ್ಞಾನಿ ರೋಜರ್ ಬಾರ್ನ್‌ಸ್ಲಿ ಹೆಂಡತಿಯ ಜೊತೆ ಐಸ್ ಹಾಕಿ ನೋಡಲು ಹೋಗಿದ್ದರು. ಪಂದ್ಯದ ಪುಸ್ತಿಕೆಯಲ್ಲಿ ಆಟಗಾರರ ಜನ್ಮದಿನ ಓದುತ್ತಿದ್ದ ಆಕೆಗೆ ಕಂಡದ್ದು ಜನವರಿ, ಫೆಬ್ರುವರಿ, ಮಾರ್ಚ್‌ಗಳ ಸಾಲು. ಅಲ್ಲಿ ಮಕ್ಕಳ ತಂಡಗಳಿಗೆ ವಯಸ್ಸಿನ ಗಡಿ ಜನವರಿ 1; ಹಾಗಾಗಿ ಜನವರಿಯಲ್ಲಿ ಹುಟ್ಟಿದವನೇ ತನ್ನ ಗುಂಪಿಗೆಲ್ಲ ದೊಡ್ಡವನು. ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಗಡಿ ಸೆಪ್ಟೆಂಬರ್. ಅಲ್ಲಿ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಹುಟ್ಟಿದವರದೇ ಮೇಲುಗೈ. ಜಪಾನಿನಲ್ಲಿ ಗಡಿ ಏಪ್ರಿಲ್, ಮೇಲುಗೈ ಏಪ್ರಿಲ್‌ನಿಂದ ಜೂನ್‌ವರೆಗೆ ಹುಟ್ಟಿದವರದು. ಗಡಿ ಸರಿದಂತೆ ಅದೃಷ್ಟದ ತಿಂಗಳೂ ಸರಿಯುತ್ತದೆ. ರಾಶಿ ನೋಡುವವರು ಇದಕ್ಕೇನು ಹೇಳುತ್ತಾರೋ!

ನಮ್ಮಲ್ಲಿ ಶಾಲೆಯ ವಯಸ್ಸು ಎಣಿಸುವುದು ಜೂನ್ 1ಕ್ಕೆ. ಒಂದೇ ಬೆಂಚಿನಲ್ಲಿ ಕೂತ ಜೂನ್ ಹುಡುಗನಿಗೂ ಮುಂದಿನ ಮೇ ಹುಡುಗನಿಗೂ ಸುಮಾರು ಹನ್ನೊಂದು ತಿಂಗಳ ಅಂತರ. ಆರು ವರ್ಷದ ಮಗುವಿಗೆ ಅದು ಆಯುಷ್ಯದ ಏಳನೇ ಒಂದು ಪಾಲು, ಎತ್ತರದಲ್ಲಿ ಐದಾರು ಸೆಂಟಿಮೀಟರ್. ಮೃಗಶಿರಾ ಮಳೆಗೆ ಬಿತ್ತಿದ ತೊಗರಿಯನ್ನೂ ಪುಷ್ಯಕ್ಕೆ ಬಿತ್ತಿದ ತೊಗರಿಯನ್ನೂ ಒಂದೇ ದಿನ ಅಳೆದು, ಎರಡನೆಯದರ ಬೀಜವೇ ಜೊಳ್ಳು ಅಂದ ಹಾಗೆ.

ಆಮೇಲಿನದೇ ಮುಖ್ಯ. ದೊಡ್ಡವನು ಟೀಮಿಗೆ ಸೇರುತ್ತಾನೆ. ಆಡುತ್ತ ಕೈ ಪಳಗುತ್ತದೆ, ಪಿ.ಟಿ. ಸರ್ "ಭೇಷ್" ಅನ್ನುತ್ತಾರೆ, ಮರುವರ್ಷ ಅವನು ನಿಜಕ್ಕೂ ಚೆನ್ನಾಗಿ ಆಡುತ್ತಾನೆ. ಸಣ್ಣವನು ಬೌಂಡರಿ ಆಚೆ ಜಾಲಿ ಕಂಟಿಯೊಳಗೆ ಬಿದ್ದ ಚೆಂಡು ಹೆಕ್ಕುತ್ತಾನೆ. ನನ್ನಿಂದ ಆಗುತ್ತದೆ ಎಂಬ ನಂಬಿಕೆಗೆ ಎಲ್ಲಕ್ಕಿಂತ ದೊಡ್ಡ ಮೂಲ ಸ್ವಂತ ಗೆಲುವಿನ ಅನುಭವ ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲೇ ಬರೆದಿದ್ದರು. ಆ ಗೆಲುವು ಸಿಗದ ಹುಡುಗ ಹತ್ತು ವರ್ಷಕ್ಕೇ "ಆಟ ನನಗಲ್ಲ" ಅಂತ ತೀರ್ಮಾನಿಸಿಬಿಡುತ್ತಾನೆ. ಹದಿನೈದಕ್ಕೆ ಮೈ ಬೆಳೆದು ಸರಿಸಮ ಆದರೂ ಮೈದಾನದ ಕಡೆ ತಲೆ ಹಾಕುವುದಿಲ್ಲ. ಮನೆಯವರು ಅದನ್ನೇ ಸ್ವಭಾವ ಅನ್ನುತ್ತಾರೆ, ಜೋಯಿಸರು ಕುಜ ಅನ್ನುತ್ತಾರೆ.

ಹುಡುಗಿಯರಲ್ಲಿ ಈ ವ್ಯತ್ಯಾಸ ಕಡಿಮೆ. ಆಯ್ಕೆಗೆ ನೂಕುನುಗ್ಗಲಿದ್ದರೆ ತಾನೆ ಸಣ್ಣವರು ಹೊರಬೀಳುವುದು? ಬಹಳ ಕಡೆ ಅವರನ್ನು ಮನೆಯ ಹೊಸ್ತಿಲೇ ತಡೆದಿರುತ್ತದೆ.

ನಮ್ಮ ಕಡೆ ಇದನ್ನು ಲೆಕ್ಕ ಹಾಕಲು ಹೊರಟರೆ ಬೇರೆಯೇ ತಮಾಷೆ. ಹಳೆಯ ಮಾಸ್ತರರು ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಜೂನ್ 1 ಅಂತಲೇ ಬರೆದುಬಿಟ್ಟಿದ್ದಾರೆ. ಆವತ್ತು ಮೊಬೈಲ್ ತೆರೆದರೆ ಅರ್ಧ ಊರಿನ ಬರ್ತ್‌ಡೇ!

ಇಂಗ್ಲೆಂಡಿನ ಫುಟ್‌ಬಾಲ್ ಅಕಾಡೆಮಿಗಳು ಈಗೀಗ ಮಕ್ಕಳನ್ನು ವಯಸ್ಸಿನ ಬದಲು ಮೈಯ ಬೆಳವಣಿಗೆ ನೋಡಿ ಗುಂಪು ಮಾಡಿ ಆಡಿಸುವುದುಂಟು. ಹೊಸ ವಿಜ್ಞಾನ ಅಂತ ಬೀಗುತ್ತಾರೆ. ನಮ್ಮ ಜಾತ್ರೆಯ ಕುಸ್ತಿ ಕಣದಲ್ಲಿ ಹಿರಿಯರು ಪೈಲ್ವಾನರ ಭುಜ, ತೊಡೆ ನೋಡಿ ಜೋಡಿ ಕಟ್ಟುತ್ತಾರೆ; ಹುಟ್ಟಿದ ತಾರೀಖು ಕೇಳಿದ್ದನ್ನು ನಾನಂತೂ ಕಂಡಿಲ್ಲ.