ಮರಡೋನಾ ಕ್ಯಾಮೆರಾಗೆ ಕೂಗಿದ ದಿನ ಗ್ರೀಸ್ ಕೋಚ್ ಯಾರು?

ಪ್ರಶ್ನೆ: 1994ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಗ್ರೀಸ್ ಒಂದೂ ಗೋಲ್ ಹೊಡೆಯದೆ ಸೋತು ಬಂತಲ್ಲ, ಆಗಿನ ಕೋಚ್ ಹಿಂದೆ ಅಮೆರಿಕ ತಂಡಕ್ಕೂ ಕೋಚ್ ಆಗಿದ್ದರಂತೆ. ನಿಜವಾ?

ನಿಜ. ಅವರ ಹೆಸರು ಅಲ್ಕೆಟಾಸ್ ಪನಗೂಲಿಯಾಸ್. ಊರು ಗ್ರೀಸ್‌ನ ಥೆಸಲೋನಿಕಿ, ಆಡಿದ್ದು ಅಲ್ಲಿನ ಆರಿಸ್ ಕ್ಲಬ್‌ಗೆ. ಆಮೇಲೆ ಅಮೆರಿಕಕ್ಕೆ ಹೋದರು. ನ್ಯೂಯಾರ್ಕ್‌ನಲ್ಲಿ ಗ್ರೀಕ್ ವಲಸಿಗರ ತಂಡವೊಂದಕ್ಕೆ ಕೋಚ್ ಆಗಿ 1967, 68, 69 ಹೀಗೆ ಸತತ ಮೂರು ವರ್ಷ ಯುಎಸ್ ಓಪನ್ ಕಪ್ (ಅಲ್ಲಿನ ಕ್ಲಬ್‌ಗಳ ನಾಕೌಟ್ ಟೂರ್ನಿ) ಗೆಲ್ಲಿಸಿದರು.

1973ರಲ್ಲಿ ಗ್ರೀಸ್ ತಂಡ ಅವರ ಕೈಗೆ ಬಂತು. ಗ್ರೀಸ್ ಮೊದಲ ಸಲ ದೊಡ್ಡ ಟೂರ್ನಿಗೆ ಹೋಗಿದ್ದು 1980ರ ಯೂರೋಗೆ (ಯುರೋಪ್ ದೇಶಗಳ ಚಾಂಪಿಯನ್‌ಶಿಪ್), ಅದೂ ಸೋವಿಯತ್ ಒಕ್ಕೂಟ, ಹಂಗೇರಿ ಇದ್ದ ಗುಂಪಿನಲ್ಲಿ ಮೊದಲ ಸ್ಥಾನ ಹಿಡಿದು. ಅಲ್ಲಿ ಗೆಲುವು ಸಿಗಲಿಲ್ಲ, ಆದರೆ ಆ ಸಲದ ಚಾಂಪಿಯನ್ ಪಶ್ಚಿಮ ಜರ್ಮನಿಯನ್ನು 0-0ಗೆ ಕಟ್ಟಿಹಾಕಿದರು. ಆಮೇಲೆ ಗ್ರೀಸ್‌ನದೇ ಕ್ಲಬ್ ಒಲಿಂಪಿಯಾಕೋಸ್ ಸೇರಿ ಲೀಗ್ ಪಟ್ಟಗಳನ್ನೂ ಗೆದ್ದರು.

ಅಮೆರಿಕದ ಕಥೆ ಇನ್ನೂ ವಿಚಿತ್ರ. 1983ರಲ್ಲಿ ಅಲ್ಲಿನವರು ರಾಷ್ಟ್ರೀಯ ತಂಡವನ್ನೇ 'ಟೀಮ್ ಅಮೆರಿಕ' ಅಂತ ಹೆಸರಿಟ್ಟು ಕ್ಲಬ್ ಲೀಗ್‌ಗೆ ಇಳಿಸಿ, ಇವರನ್ನು ಕೋಚ್ ಮಾಡಿದರು. ರಿಕಿ ಡೇವಿಸ್‌ನಂಥ ಸ್ಟಾರ್ ತನ್ನ ಕ್ಲಬ್ ಬಿಟ್ಟು ಬರಲೇ ಇಲ್ಲ. 30 ಪಂದ್ಯದಲ್ಲಿ 20 ಸೋಲು, ಒಂದೇ ಸೀಸನ್‌ಗೆ ಅಂಗಡಿ ಬಂದ್! ರಾಷ್ಟ್ರೀಯ ತಂಡ ಮಾತ್ರ ಇವರ ಕೈಯಲ್ಲೇ ಉಳಿಯಿತು. 1985ರಲ್ಲಿ ಕೋಸ್ಟರಿಕಾ ಜೊತೆ ಬರೀ ಡ್ರಾ ಮಾಡಿಕೊಂಡಿದ್ದರೂ 1986ರ ವಿಶ್ವಕಪ್ ದಾರಿ ತೆರೆದಿರುತ್ತಿತ್ತು. ಸ್ವಂತ ನೆಲದಲ್ಲೇ 0-1 ಸೋತರು.

ಮತ್ತೆ ಗ್ರೀಸ್. 1994ರ ವಿಶ್ವಕಪ್‌ಗೆ ಅರ್ಹತಾ ಸುತ್ತಿನಲ್ಲಿ ಒಂದೂ ಸೋಲಿಲ್ಲ, ರಷ್ಯಾಗಿಂತಲೂ ಮೇಲೆ ನಿಂತು ದೇಶದ ಮೊದಲ ವಿಶ್ವಕಪ್‌ಗೆ ಟಿಕೆಟ್. ಎಲ್ಲಿಗೆ ಅಂದರೆ, ಅದೇ ಅಮೆರಿಕಕ್ಕೆ! ಅಲ್ಲಿ ಎಲ್ಲ ಕೈಕೊಟ್ಟಿತು: ಅರ್ಜೆಂಟೀನಾ 4-0, ಬಲ್ಗೇರಿಯಾ 4-0, ನೈಜೀರಿಯಾ 2-0. ಮೂರು ಪಂದ್ಯಕ್ಕೆ ಮೂರು ಗೋಲ್‌ಕೀಪರ್‌ಗಳನ್ನು ಇಳಿಸಿ ನೋಡಿದರು, ಪಾಪ. ಅರ್ಜೆಂಟೀನಾದ ಮರಡೋನಾ ಗೋಲ್ ಹೊಡೆದು ಕ್ಯಾಮೆರಾಗೆ ಮುಖ ಒಡ್ಡಿ ಕೂಗಿದರಲ್ಲ, ಅದು ಇವರ ತಂಡದ ಮೇಲೇ. ಯೂಟ್ಯೂಬ್‌ನಲ್ಲಿ ಇವತ್ತಿಗೂ ಓಡುತ್ತಿರುವುದು ಆ ಕ್ಲಿಪ್, ಅರ್ಹತಾ ಸುತ್ತಿನದಲ್ಲ. ನನಗೆ ಇದು ಸ್ವಲ್ಪ ಅನ್ಯಾಯ ಅನಿಸುತ್ತದೆ. ಗ್ರೀಸನ್ನು ಮೊದಲ ಯೂರೋಗೂ ಮೊದಲ ವಿಶ್ವಕಪ್‌ಗೂ ಕರೆದುಕೊಂಡು ಹೋದವರು ಒಬ್ಬರೇ, ಇವರೇ ಅಲ್ವಾ?

ಅವರು ತೀರಿಕೊಂಡಿದ್ದು 2012ರಲ್ಲಿ, ಅಮೆರಿಕದ ವರ್ಜೀನಿಯಾದಲ್ಲಿ.