ಮಳೆ ಹೊಳವಾದಾಗ ಬರುವ ಜ್ವರ

ಪುನರ್ವಸು ಮಳೆ ಹಿಡಿದು ಹೊಯ್ಯುವಾಗಲೇ ಕಾರವಾರದ ಜನಕ್ಕೆ ಡೆಂಗಿಯ ಭಯ ಹೆಚ್ಚು. ಗಟಾರ ಉಕ್ಕಿ ರಸ್ತೆಗೆ ಬಂತು, ಇನ್ನು ಸೊಳ್ಳೆ ಕಾಟ ಶುರು ಎಂದು ನಗರಸಭೆಗೆ ಫೋನು ಹೋಗುತ್ತದೆ. ಆದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಗಟಾರದ ರಾಡಿಯೂ ಬೇಡ, ಹರಿಯುವ ನೀರೂ ಬೇಡ. ಅದು ಹುಡುಕುವುದು ನೆರಳಲ್ಲಿ ನಿಂತ ತಿಳಿನೀರು, ಅದೂ ಎಂಟು–ಹತ್ತು ದಿನ ಯಾರೂ ಅಲುಗಾಡಿಸದ ನೀರು. ಮೊಟ್ಟೆ ಹುಳವಾಗಿ, ಹುಳ ಸೊಳ್ಳೆಯಾಗಿ ಹಾರಲು ಅಷ್ಟು ಸಮಯ ಸಾಕು. ಒಂದು ಹದ ಮಳೆ, ನಾಲ್ಕು ದಿನ ಹೊಳವು, ಮತ್ತೊಂದು ಹದ ಮಳೆ, ಮತ್ತೆ ಬಿಸಿಲು: ಅಪಾಯ ಇರುವುದು ಇಂಥ ಹವೆಯಲ್ಲಿ.

ಶಿರಸಿ, ಸಿದ್ದಾಪುರದ ತೋಟಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಡಿಕೆಗೆ ಕೊಳೆ ತಗಲುವುದೂ ಮಳೆಯ ಮೊತ್ತಕ್ಕಿಂತ ಹೆಚ್ಚಾಗಿ ಮಳೆ–ಬಿಸಿಲಿನ ಜಗ್ಗಾಟದಿಂದ. ಎಷ್ಟು ಇಂಚು ಬಿತ್ತು ಅನ್ನುವುದಕ್ಕಿಂತ ಹ್ಯಾಗೆ ಬಿತ್ತು ಎಂದು ಕೇಳಿಯೇ ಅವರು ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಯುವ ದಿನ ಗೊತ್ತು ಮಾಡುತ್ತಾರೆ. ಜ್ವರದ ವಿಷಯದಲ್ಲಿ ಆ ಪ್ರಶ್ನೆ ಕೇಳುವ ರೂಢಿ ನಮಗಿನ್ನೂ ಬಂದಿಲ್ಲ. ಅದಕ್ಕೊಂದು ಹಿನ್ನೆಲೆಯಿದೆ.

ನಮ್ಮ ಉತ್ತರ ಕನ್ನಡ ಜಿಲ್ಲೆ ಕೆನರಾ ಎಂಬ ಹೆಸರಲ್ಲಿ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಸೂಪಾ, ಹಳಿಯಾಳ, ಯಲ್ಲಾಪುರ ಎಂದರೆ ಚಳಿಜ್ವರದ ಸೀಮೆ. ಮಲೇರಿಯಾ ಹರಡುತ್ತಿದ್ದ ಅಲ್ಲಿನ ಅನಾಫಿಲಿಸ್ ಸೊಳ್ಳೆ ಬೆಳೆಯುತ್ತಿದ್ದದ್ದು ಕಾಡಿನ ಹಳ್ಳಗಳ ಅಂಚಿನಲ್ಲಿ, ನೀರು ಸಣ್ಣಗೆ ಹರಿಯುವ ಕಡೆ. ಮಳೆಗಾಲದ ಸೆಳವು ಇಳಿದ ಮೇಲೆ ಜ್ವರ ಏಳುತ್ತಿತ್ತು. ಎರಡನೇ ಮಹಾಯುದ್ಧ ಮುಗಿದದ್ದೇ ತಡ, 1946ರ ಹೊತ್ತಿಗೆ ಮಲೇರಿಯಾ ತಜ್ಞ ಡಾ. ಡಿ.ಕೆ. ವಿಶ್ವನಾಥನ್ ಮುಂದಾಳುತನದಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಮನೆಯ ಗೋಡೆಗೆ ಡಿಡಿಟಿ ಹೊಡೆಸಲಾಯಿತು. ಆ ಸೊಳ್ಳೆ ರಾತ್ರಿ ಕಚ್ಚಿ ಗೋಡೆಯ ಮೇಲೆ ಕೂರುವಂಥದು, ಕೂತಲ್ಲೇ ಸತ್ತಿತು. ಫಲ ಎಷ್ಟು ಚೆನ್ನಾಗಿ ಕಂಡಿತೆಂದರೆ, 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ದಾರಿ ಮಾಡಿಕೊಟ್ಟ ಪ್ರಯೋಗಗಳಲ್ಲಿ ನಮ್ಮ ಜಿಲ್ಲೆಯದೂ ಒಂದಾಯಿತು.

ಗೆದ್ದದ್ದು ಒಳ್ಳೆಯದೇ. ಆದರೆ ಸೊಳ್ಳೆ ಎಂದರೆ ಔಷಧ ಹೊಡೆಯುವುದು ಎಂಬ ಅಭ್ಯಾಸ ಅಲ್ಲಿಂದಲೇ ನಮಗೆ ಅಂಟಿಕೊಂಡಿತು ಎಂದು ನನ್ನ ಅನಿಸಿಕೆ. ಈಡಿಸ್ ಬೇರೆ ಜಾತಿ. ಹಗಲು ಹೊತ್ತು, ಹೆಚ್ಚಾಗಿ ಬೆಳಿಗ್ಗೆ ಮತ್ತು ಸಂಜೆಯ ಮುಂಚೆ ಕಚ್ಚುತ್ತದೆ. ಗೋಡೆ ಬಿಟ್ಟು ಮಂಚದ ಕೆಳಗೆ, ಗಿಳಿಗೂಟಕ್ಕೆ ನೇತುಹಾಕಿದ ಬಟ್ಟೆಯ ಮಡಿಕೆಯಲ್ಲಿ ಅಡಗುತ್ತದೆ. ಓಣಿಯಲ್ಲಿ ಫಾಗಿಂಗ್ ಗಾಡಿ ಹೊಗೆ ಬಿಟ್ಟು ಹೋದರೆ ಹಾರುತ್ತಿದ್ದ ಒಂದಿಷ್ಟು ಸೊಳ್ಳೆ ಸತ್ತೀತು. ಡ್ರಮ್ಮಿನೊಳಗಿನ ಹುಳಕ್ಕೆ ಏನೂ ಆಗದು.

ಡೆಂಗಿ ನಮ್ಮ ದೇಶಕ್ಕೆ ಹೊಸದಲ್ಲ. 1871–72ರಲ್ಲಿ ಜಾಂಜಿಬಾರ್, ಏಡನ್ ದಾಟಿ ಹಡಗುಗಳ ಜೊತೆ ಮುಂಬೈಗೆ, ಅಲ್ಲಿಂದ ಕಲ್ಕತ್ತಕ್ಕೆ ಹಬ್ಬಿದ ಮೈಮುರುಕ ಜ್ವರವನ್ನು ಆಗಿನ ವೈದ್ಯರು ಡೆಂಗಿ ಎಂದೇ ಬರೆದಿಟ್ಟರು. ಅದು ಚಿಕೂನ್‌ಗುನ್ಯಾ ಇದ್ದೀತು ಎಂದು ಈಗಿನ ಕೆಲವು ಸಂಶೋಧಕರ ಗುಮಾನಿ. 1944ರಲ್ಲಿ ಕಲ್ಕತ್ತದಲ್ಲಿದ್ದ ಅಮೆರಿಕನ್ ಸೈನಿಕರ ರಕ್ತದಲ್ಲಿ ಡೆಂಗಿ ವೈರಸ್ ಸಿಕ್ಕಿತು. 1996ರಲ್ಲಿ ದಿಲ್ಲಿಯಲ್ಲಿ 10,000ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿ 400ಕ್ಕೂ ಹೆಚ್ಚು ಮಂದಿ ತೀರಿಕೊಂಡಾಗಲೂ ಇಲ್ಲಿಯವರಿಗೆ ಅದು ದೊಡ್ಡ ಪಟ್ಟಣದ ಕಾಯಿಲೆಯೇ ಆಗಿತ್ತು. ಕಣ್ಣು ತೆರೆಸಿದ್ದು 2006ರ ಚಿಕೂನ್‌ಗುನ್ಯಾ. ರಾಜ್ಯದಲ್ಲಿ ಏಳು ಲಕ್ಷಕ್ಕೂ ಮೀರಿ ಶಂಕಿತ ಪ್ರಕರಣ, ಬಹಳಷ್ಟು ಹಳ್ಳಿಗಳಲ್ಲೇ. ಅದನ್ನು ಹರಡುವುದೂ ಈಡಿಸ್ ಸೊಳ್ಳೆಯೇ. ಅಂದರೆ ಡೆಂಗಿಯ ಸುದ್ದಿ ಹಳ್ಳಿಗೆ ಬರುವ ಮೊದಲೇ ಅದರ ಸೊಳ್ಳೆ ಅಲ್ಲಿ ಬಿಡಾರ ಹೂಡಿ ಆಗಿತ್ತು.

ಇನ್ನು ಉಷ್ಣತೆಯ ಲೆಕ್ಕ. ಸೊಳ್ಳೆ ರೋಗಿಯನ್ನು ಕಚ್ಚಿದ ಕೂಡಲೇ ಇನ್ನೊಬ್ಬರಿಗೆ ಜ್ವರ ದಾಟಿಸಲಾರದು. ವೈರಸ್ ಅದರ ಹೊಟ್ಟೆಯಲ್ಲಿ ಬೆಳೆದು ಜೊಲ್ಲಿಗೆ ಬರಬೇಕು. 25ರಿಂದ 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದಕ್ಕೆ ಸುಮಾರು 8ರಿಂದ 12 ದಿನ. ತಂಪಿದ್ದರೆ ಇನ್ನೂ ತಡ, 30 ದಾಟಿದರೆ ಬೇಗ. ಸೊಳ್ಳೆಯ ಆಯುಷ್ಯವೇ ಎರಡು–ಮೂರು ವಾರವಾದ್ದರಿಂದ ಇಲ್ಲಿ ಮೂರು ದಿನ ಉಳಿಯಿತೆಂದರೆ ಅದಕ್ಕೆ ಕಚ್ಚಲು ಮೂರು ದಿನ ಹೆಚ್ಚು ಸಿಕ್ಕಿತೆಂದು. ಹಾಗೆಂದು ಸೆಕೆ ಏರಿದಷ್ಟೂ ಕಾಯಿಲೆ ಏರುವುದಿಲ್ಲ. ಬಹಳ ಕಾದರೆ ಸೊಳ್ಳೆಯೇ ಬೇಗ ಸಾಯುತ್ತದೆ. ಪಟ್ಟಣದ ಈಡಿಸ್ ಈಜಿಪ್ಟೈಗೆ 29 ಡಿಗ್ರಿಯ ಆಸುಪಾಸು, ತೋಟ–ಹಿತ್ತಲಿನ ಈಡಿಸ್ ಆಲ್ಬೊಪಿಕ್ಟಸ್‌ಗೆ 26ರ ಆಸುಪಾಸು ಹದವಾದ ಹವೆ ಎಂದು ಅಧ್ಯಯನಗಳು ಹೇಳುತ್ತವೆ. ಮೊದಲನೆಯದು ಕರಾವಳಿಯ ಹವೆ. ಎರಡನೆಯದು ಘಟ್ಟದ ಮೇಲಿನದು. ಶಿರಸಿಯಲ್ಲಿ ಪುಷ್ಯ–ಮಾಘದ ಚಳಿ ವೈರಸ್ಸಿಗೆ ಅಷ್ಟಿಷ್ಟು ಅಡ್ಡಿ ಮಾಡುತ್ತದೆ. ಕುಮಟಾ, ಹೊನ್ನಾವರದಲ್ಲಿ ಆ ಅಡ್ಡಿ ಹೆಚ್ಚುಕಡಿಮೆ ಇಲ್ಲ.

ಮಳೆಯ ಕುರಿತು ಒಳ್ಳೆಯ ಅಧ್ಯಯನ ಬಂದದ್ದು ಪುಣೆಯಿಂದ. ಅಲ್ಲಿನ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2025ರ ಜನವರಿಯಲ್ಲಿ ಪ್ರಕಟಿಸಿದಂತೆ, ಆ ಊರಲ್ಲಿ 27 ಡಿಗ್ರಿಗಿಂತ ಮೇಲಿನ ಉಷ್ಣತೆ, ಹದವಾಗಿ ಹಂಚಿ ಬೀಳುವ ಮಳೆ, 60ರಿಂದ 78 ಶೇಕಡಾ ತೇವಾಂಶ ಸೇರಿದರೆ ಡೆಂಗಿ ಏರುತ್ತದೆ. ವಾರಕ್ಕೆ 150 ಮಿ.ಮೀ. ಮೀರಿದರೆ ಹುಳಗಳು ಕೊಚ್ಚಿಹೋಗಿ ಇಳಿಯುತ್ತದೆ. ಕಾರವಾರದವರು ಇದನ್ನು ಓದಿದರೆ ನಕ್ಕಾರು. ಜುಲೈನಲ್ಲಿ 150 ಮಿ.ಮೀ. ಇಲ್ಲಿ ಒಂದು ರಾತ್ರಿಗೂ ಬೀಳುತ್ತದೆ. ಹಾಗಾದರೆ ಆಷಾಢದಲ್ಲಿ ನಾವು ಸುರಕ್ಷಿತರೇ? ಬಯಲಲ್ಲಿದ್ದದ್ದು ಕೊಚ್ಚಿಹೋಗುತ್ತದೆ, ಸೂರಿನ ಕೆಳಗಿದ್ದದ್ದು ಹೋಗುವುದಿಲ್ಲ.

ಕಾರವಾರದ ಬೈತಖೋಲ ಬಂದರಿಗೆ ಮಳೆಗಾಲದಲ್ಲಿ ಹೋಗಿ ನೋಡಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಸಾಲಾಗಿ ನಿಂತ ಬೋಟುಗಳ ಪಕ್ಕೆಗೆ, ಒಂದಕ್ಕೊಂದು ತಾಗದಿರಲೆಂದು ಕಟ್ಟಿದ ಹಳೇ ಟಯರುಗಳು. ತೂಗುವ ಟಯರಿನ ಕೆಳಬಾಗಿನಲ್ಲಿ ಒಂದು ಬೊಗಸೆ ನೀರು. ಮೇಲಿಂದ ಎಷ್ಟೇ ಸುರಿಯಲಿ, ಒಳಸುತ್ತಿನ ನೀರು ಅಲ್ಲಾಡುವುದು ಕಡಿಮೆ. ಬಲೆಗೆ ಹೊದೆಸಿದ ತಾಡಪತ್ರಿಯ ಗುಳಿಯಲ್ಲೂ ಅಷ್ಟೇ ನೀರು. ಘಟ್ಟ ಹತ್ತಿದರೆ ಈ ಕೆಲಸ ಅಡಿಕೆ ಹಾಳೆಯದು. ಮರದಿಂದ ಬಿದ್ದ ಹಾಳೆ ದೋಣಿಯಂತೆ ಬಾಗಿ ನೀರು ಹಿಡಿಯುತ್ತದೆ. ಆಳು ಸಿಗದ ಈ ದಿನಗಳಲ್ಲಿ ಹಾಳೆ ಹೆಕ್ಕುವವರಾರು? ಅಂಗಳದ ಮೂಲೆಯ ಹಳೇ ಒರಳು, ಬೋರ್ಡೋ ಕಲೆಸಿದ ಡ್ರಮ್ಮು ಬೇರೆ. ನೀರು ಒಣಗಿದರೂ ನಿಶ್ಚಿಂತೆಯಿಲ್ಲ. ಅಂಚಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿ ಕೂತು, ಮುಂದಿನ ಮಳೆಗೆ ಒಡೆಯುತ್ತದೆ. ನೀರು ಚೆಲ್ಲಿದರೆ ಸಾಲದು, ತಿಕ್ಕಿ ತೊಳೆಯಬೇಕು ಎನ್ನುವುದು ಇದಕ್ಕೇ.

ಮಳೆ ಬಾರದಿದ್ದರೂ ಈ ಜ್ವರ ಬರುತ್ತದೆ ಎಂಬುದನ್ನು ಕಳೆದ ಬರಗಾಲ ತೋರಿಸಿತು. 2023 ಎಲ್ ನಿನೊ ವರ್ಷ, ಅಂದರೆ ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರು ಹೆಚ್ಚಾಗಿ ಸೊರಗುವ ವರ್ಷ. ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಅದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ನಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಮನೆಯಲ್ಲಿ ಡ್ರಮ್ಮು, ಹಂಡೆ, ಬಕೆಟು ಎಲ್ಲ ತುಂಬಿಡಲೇಬೇಕು. ಕರಾವಳಿಯಲ್ಲಿ ಬೇಸಿಗೆಗೆ ಬಾವಿ ಉಪ್ಪಾಗುವ ಊರುಗಳಲ್ಲಂತೂ ಟ್ಯಾಂಕರ್ ನೀರೇ ಗತಿ. ಹೀಗೆ ಕೂಡಿಟ್ಟ ನೀರಿನ ಮೇಲೆ ಬಿಸಿಲು ಬಿದ್ದು, ಮೇಲೆ ಮುಂಗಾರುಪೂರ್ವ ಮಳೆಯೂ ಬಂದಾಗ ಏನಾಗಬೇಕೋ ಅದೇ ಆಯಿತು. 2024ರ ಸೆಪ್ಟೆಂಬರ್ ಹೊತ್ತಿಗೆ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ದಿನಾ ನೀರು ಬಿಡಲಾಗದ ಊರಲ್ಲಿ ನೀರು ಕೂಡಿಟ್ಟವರಿಗೆ ದಂಡ ಹಾಕುವುದು ಯಾವ ನ್ಯಾಯವೋ!

ಮಳೆಯ ಕ್ಯಾಲೆಂಡರೂ ಮೊದಲಿನಂತಿಲ್ಲ. 2023ರಲ್ಲಿ ಕೇರಳಕ್ಕೆ ಮುಂಗಾರು ಬಂದದ್ದು ಜೂನ್ 8ಕ್ಕೆ. 2025ರಲ್ಲಿ ಮೇ 24ಕ್ಕೇ ಬಂತು, ರೋಹಿಣಿ ಹುಟ್ಟುವ ಮೊದಲು. ಅರಬ್ಬಿ ಸಮುದ್ರ ಬಿಸಿಯಾದಂತೆ ಮಳೆ ಕಡಿಮೆ ದಿನಗಳಲ್ಲಿ ಒಟ್ಟಿಗೇ ಸುರಿದು, ನಡುವಿನ ಬಿಡುವು ಉದ್ದವಾಗುತ್ತಿದೆ. ಆ ಬಿಡುವಿನ ನಡುವೆಯೇ ಚೌತಿ ಬರುತ್ತದೆ. ಗೋವಾ, ಬೆಂಗಳೂರು, ಮುಂಬೈಯಲ್ಲಿದ್ದವರು ಊರಿಗೆ ಬರುತ್ತಾರೆ. ಸೊಳ್ಳೆ ಕೆಲವು ನೂರು ಮೀಟರು ಹಾರಿದರೆ ಹೆಚ್ಚು. ವೈರಸ್ಸನ್ನು ದೂರದೂರಿಗೆ ಒಯ್ಯುವುದು ಮನುಷ್ಯರು, ಬಸ್ಸಿನಲ್ಲೋ ಕೊಂಕಣ ರೈಲಿನಲ್ಲೋ.

ಇಷ್ಟು ತಿಳಿದ ಮೇಲೆ ಮುನ್ನೆಚ್ಚರಿಕೆ ಕೊಡುವುದು ಅಸಾಧ್ಯವೇನಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಯಾವ ಪಂಚಾಯಿತಿಯಲ್ಲಿ ಎಷ್ಟು ದಿನದಿಂದ ಹೊಳವು ಎಂಬುದನ್ನು ಕೂತಲ್ಲೇ ನೋಡಬಹುದು. ಜ್ವರದ ಅಂಕಿ ಮಾತ್ರ ಜನರ ಕೈಗೆ ಸಿಗುವುದು ಹೆಚ್ಚಾಗಿ ಜಿಲ್ಲೆಯ ಒಟ್ಟು ಮೊತ್ತವಾಗಿ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ, ಅದೇ ಜಿಲ್ಲೆಯ ಮುಂಡಗೋಡದಲ್ಲಿ ಅದರ ಅರ್ಧವೂ ಇಲ್ಲ. ಭಟ್ಕಳಕ್ಕೂ ಹಳಿಯಾಳಕ್ಕೂ ಸೇರಿಸಿ ಕೊಟ್ಟ ಒಂದು ಸಂಖ್ಯೆಯಿಂದ ಅಂಕೋಲೆಯ ಆಶಾ ಕಾರ್ಯಕರ್ತೆ ಈ ವಾರ ಯಾವ ಕೇರಿಯ ಡ್ರಮ್ಮು ಮೊದಲು ನೋಡಬೇಕೆಂದು ತಿಳಿಯಲಾರಳು. ಪಂಚಾಯಿತಿವಾರು ವಾರದ ಜ್ವರದ ಪಟ್ಟಿಯನ್ನು ಮಳೆಯ ಪಟ್ಟಿಯ ಪಕ್ಕದಲ್ಲಿ ಇಟ್ಟರೆ ಅದು ಅವಳ ಕೆಲಸಕ್ಕೆ ಬಂದೀತು.