ಸಂಘ ನೋಂದಣಿಯಾಗಿದೆ, ಅನುದಾನಕ್ಕೆ ಯಾವ ಬಾಗಿಲು ತಟ್ಟಬೇಕು?

ಪ್ರಶ್ನೆ: ನಮ್ಮದು ಕುಮಟಾ ತಾಲೂಕಿನ ಸಮುದ್ರ ದಂಡೆಯ ಊರಿನ ಯುವಕ ಸಂಘ. ನೋಂದಣಿಯಾಗಿ ಎರಡು ವರ್ಷವಾಯಿತು. ಗಣೇಶೋತ್ಸವ ಮಾಡುತ್ತೇವೆ, ಮಕ್ಕಳಿಗೆ ಯಕ್ಷಗಾನ ತರಗತಿ ನಡೆಸುತ್ತೇವೆ. ಊರಿನ ಹೆಂಗಸರಿಗೆ ಹೊಲಿಗೆ ತರಬೇತಿ ಕೊಡಿಸಬೇಕು, ಶಾಲೆಗೊಂದು ಗ್ರಂಥಾಲಯ ಮಾಡಿಕೊಡಬೇಕು ಎಂಬ ಆಸೆಯಿದೆ. ಪ್ರತಿ ಬಾರಿಯೂ ಚಂದಾ ಎತ್ತಿ ಸಾಕಾಗಿದೆ. ಸರ್ಕಾರದಿಂದಲೋ ಕಂಪನಿಗಳಿಂದಲೋ ಅನುದಾನ ಸಿಗುತ್ತದೆಯೇ? ಎಲ್ಲಿ ಅರ್ಜಿ ಹಾಕಬೇಕು?

ಉತ್ತರ: ಸಿಗುತ್ತದೆ. ಆದರೆ ನೀವು ಹೇಳಿದ ನಾಲ್ಕು ಕೆಲಸಗಳಿಗೆ ದಾರಿಯೂ ನಾಲ್ಕು. ಈ ಪ್ರಶ್ನೆ ಕಾರವಾರದಿಂದ ಭಟ್ಕಳದವರೆಗೆ ಎಲ್ಲ ಕಡೆಯಿಂದ ಬರುತ್ತದೆ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದಿಂದಲೂ ಬರುತ್ತದೆ. ಹಣ ಯಾರು ಕೊಡುತ್ತಾರೆ ಎಂದೇ ಎಲ್ಲರೂ ಕೇಳುತ್ತಾರೆ. ಅದಕ್ಕೂ ಮೊದಲು ಸಂಘದ ಸಭೆಯಲ್ಲಿ ಕುಳಿತು ಇನ್ನೊಂದನ್ನು ಕೇಳಿಕೊಳ್ಳಬೇಕು: ಈ ಕೆಲಸ ಆಗಲು ಹಣ ನಮ್ಮ ಖಾತೆಗೇ ಬರಬೇಕೇ? ನಿಮ್ಮ ಪಟ್ಟಿಯಲ್ಲಿರುವ ಹೊಲಿಗೆ ತರಬೇತಿಗೂ ಗ್ರಂಥಾಲಯಕ್ಕೂ ಬರಬೇಕಾಗಿಲ್ಲ. ಹಾಗಾಗಿ ಆ ಎರಡನ್ನು ಈ ವರ್ಷವೇ ಆರಂಭಿಸಬಹುದು.

ಹೊಲಿಗೆಯಿಂದ ಶುರು ಮಾಡೋಣ. ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ. ಗ್ರಾಮೀಣ ಯುವಜನರಿಗೆ ಸ್ವಉದ್ಯೋಗ ಕಲಿಸಲೆಂದೇ ಇರುವ ಸಂಸ್ಥೆ ಅದು. ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಇಂಥ ವ್ಯವಸ್ಥೆ ಜಿಲ್ಲೆಯಲ್ಲೇ ಇರುವಾಗ ನಾಲ್ಕು ಹೊಲಿಗೆ ಯಂತ್ರ ಕೊಳ್ಳಲು ಕಂಪನಿಯಿಂದ ಕಂಪನಿಗೆ ಅಲೆಯುವುದು ವ್ಯರ್ಥ ಶ್ರಮ. ಕಲಿಯಲು ಬಯಸುವ ಹೆಂಗಸರ ಪಟ್ಟಿ ಮಾಡಿ, ಅರ್ಜಿ ತುಂಬಿಸಿ, ಮೊದಲ ದಿನ ಜೊತೆಗೆ ಹೋಗಿ ಬಿಟ್ಟು ಬನ್ನಿ. ಸಂಘ ಮಾಡಬೇಕಾದ ಕೆಲಸ ಇಷ್ಟೇ. ಕಲಿತು ಬಂದವರು ಸ್ವಸಹಾಯ ಗುಂಪಿನಲ್ಲಿದ್ದರೆ, ಸಂಜೀವಿನಿ ಯೋಜನೆಯಡಿ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದ ಮೂಲಕ ಸುತ್ತುನಿಧಿ ಮತ್ತು ಸಮುದಾಯ ಬಂಡವಾಳ ನಿಧಿ ಪಡೆಯಲು ಅವಕಾಶವಿದೆ. ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ನಬಾರ್ಡ್‌ನ ಕಾರ್ಯಕ್ರಮ 1992ರಿಂದ ನಡೆಯುತ್ತಿರುವುದರಿಂದ ಸಾಲದ ದಾರಿಯೂ ಹೊಸದಲ್ಲ. ಒಂದು ಮಾತನ್ನು ಒತ್ತಿ ಹೇಳಬೇಕು. ಒಕ್ಕೂಟಕ್ಕೆ ಬಂದ ಹಣ ಹೆಂಗಸರದ್ದು, ಅವರ ಸಭೆಯ ಠರಾವಿನಂತೆಯೇ ಖರ್ಚಾಗಬೇಕು. ಯುವಕ ಸಂಘದವರು ಓಡಾಡಿ ಕೊಡಿಸಿದರೂ ಆ ಹಣದ ಮೇಲೆ ಸಂಘಕ್ಕೆ ಹಕ್ಕಿಲ್ಲ.

ಗ್ರಂಥಾಲಯದ ಮಾತಿಗೆ ಬಂದರೆ, ಅದು ಮೊದಲು ಪಂಚಾಯಿತಿಯ ಹೊಣೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿ ನಡೆಯುತ್ತಿವೆ. ನಿಮ್ಮ ಪಂಚಾಯಿತಿಯ ಕೇಂದ್ರ ಶಾಲೆಯಿಂದ ದೂರವಿದ್ದರೆ ಶಾಲೆಯ ಕೊಠಡಿಯಲ್ಲೊಂದು ಓದುಮನೆ ಬೇಕೆಂದು ಶಾಲಾಭಿವೃದ್ಧಿ ಸಮಿತಿಯಿಂದ (ಎಸ್‌ಡಿಎಂಸಿ) ಪತ್ರ ಬರೆಸಿ, ಗ್ರಾಮಸಭೆಯಲ್ಲಿ ವಿಷಯ ಇಟ್ಟು ಠರಾವು ಮಾಡಿಸಿ. ಆ ಠರಾವಿನ ನಕಲು ಮುಂದಿನ ಎಲ್ಲ ಅರ್ಜಿಗಳಿಗೂ ಜೀವ. ಕೊಠಡಿ ಕಟ್ಟಬೇಕಿದ್ದರೆ ಶಾಸಕರ ಮತ್ತು ಸಂಸದರ ನಿಧಿಯಿದೆ. ರಾಜ್ಯದಲ್ಲಿ ಒಬ್ಬ ಶಾಸಕರಿಗೆ ವರ್ಷಕ್ಕೆ 2 ಕೋಟಿ ರೂಪಾಯಿ, ಸಂಸದರಿಗೆ 5 ಕೋಟಿ ರೂಪಾಯಿ. ಕೇಳಲು ದೊಡ್ಡ ಮೊತ್ತ ಅನಿಸಬಹುದು, ಆದರೆ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ ಜಿಲ್ಲೆಯ ಆರು ವಿಧಾನಸಭಾ ಕ್ಷೇತ್ರಗಳ ಜೊತೆಗೆ ಖಾನಾಪುರ, ಕಿತ್ತೂರುಗಳೂ ಸೇರಿವೆ. ಹಂಚಿದರೆ ಹಳ್ಳಿಗೆ ಬರುವುದು ಎಷ್ಟೆಂದು ನೀವೇ ಊಹಿಸಬಹುದು.

ಈ ನಿಧಿಯ ಬಗ್ಗೆ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಬೇರೂರಿದೆ. ಸಂಸದರು ಸಂಘಕ್ಕೆ ಚೆಕ್ ಕೊಡುವುದಿಲ್ಲ. ಅವರು ಕೆಲಸವನ್ನು ಶಿಫಾರಸು ಮಾಡುತ್ತಾರೆ, ಜಿಲ್ಲಾಡಳಿತ ಮಂಜೂರು ಮಾಡಿ ಇಲಾಖೆಯೊಂದರ ಮೂಲಕ ಮಾಡಿಸುತ್ತದೆ. ಬಾಳಿಕೆ ಬರುವ ಸಾರ್ವಜನಿಕ ಆಸ್ತಿಗೆ ಮಾತ್ರ ಅದು ಸಲ್ಲುತ್ತದೆ. ಶಿಕ್ಷಕರ ಸಂಬಳ, ಕಾರ್ಯಕ್ರಮದ ಖರ್ಚು, ದೇವಸ್ಥಾನದ ಆವರಣದ ಕೆಲಸ ಯಾವುದೂ ಅದರಲ್ಲಿ ಬರುವುದಿಲ್ಲ. ಆದ್ದರಿಂದ ‘ಸಂಘಕ್ಕೆ ಧನಸಹಾಯ ಕೋರಿ’ ಎಂದು ಬರೆದ ಅರ್ಜಿ ಅಲ್ಲೇ ಉಳಿಯುತ್ತದೆ. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ವಾಚನಾಲಯದ ಕೊಠಡಿ’ ಎಂದು ಬರೆದು, ಜಾಗ ಶಾಲೆಯದ್ದೇ ಎಂಬ ದಾಖಲೆ ಲಗತ್ತಿಸಿದ ಅರ್ಜಿ ಮುಂದಿನ ಮೇಜಿಗೆ ಹೋಗುತ್ತದೆ.

ಈಗ ಕಂಪನಿಗಳ ಮಾತು. ನಮ್ಮ ಜಿಲ್ಲೆಯಲ್ಲಿ ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ಎಂಬ ಮೂರಕ್ಷರಕ್ಕೆ ಇರುವಷ್ಟು ನಿರೀಕ್ಷೆ ಬೇರೆ ಯಾವುದಕ್ಕೂ ಇಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ ಇರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ತಾನು ಕೆಲಸ ಮಾಡುವ ಸ್ಥಳ ಮತ್ತು ಅದರ ಸುತ್ತಮುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಅದೇ ಸೆಕ್ಷನ್ ಹೇಳುತ್ತದೆ. ಕೈಗಾ ಅಣು ವಿದ್ಯುತ್ ಸ್ಥಾವರ ನಡೆಸುವ ಎನ್‌ಪಿಸಿಐಎಲ್, ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್, ಬಿಣಗಾದಲ್ಲಿ ಕಾರ್ಖಾನೆಯಿರುವ ಗ್ರಾಸಿಮ್ ನಮ್ಮ ಜಿಲ್ಲೆಯಲ್ಲಿ ಕಣ್ಣಿಗೆ ಕಾಣುವ ಹೆಸರುಗಳು. ಮಲ್ಲಾಪುರದ ಸುತ್ತಿನ ಸಂಘಕ್ಕೆ ಕೈಗಾದ ಬಾಗಿಲು ಹತ್ತಿರ, ದಾಂಡೇಲಿ, ಹಳಿಯಾಳದವರಿಗೆ ಕಾಗದ ಕಾರ್ಖಾನೆ ಹತ್ತಿರ. ಕುಮಟಾದ ದಂಡೆಯಿಂದ ಎರಡೂ ದೂರ. ಇದನ್ನು ಮೊದಲೇ ತಿಳಿದಿದ್ದರೆ ನಿರಾಸೆ ಕಡಿಮೆ.

ಇನ್ನೂ ಒಂದು ತಡೆ ಇದೆ. ಹೊರಗಿನ ಸಂಘದ ಮೂಲಕ ಸಿಎಸ್‌ಆರ್ ಹಣ ಖರ್ಚು ಮಾಡಬೇಕಾದರೆ ಆ ಸಂಘಕ್ಕೆ ಆದಾಯ ತೆರಿಗೆಯ 12ಎ ನೋಂದಣಿ (ಸಂಘದ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡಿಸುವಂಥದ್ದು) ಮತ್ತು 80ಜಿ ಮಾನ್ಯತೆ (ದೇಣಿಗೆ ಕೊಟ್ಟವರಿಗೆ ತೆರಿಗೆ ರಿಯಾಯಿತಿ ಕೊಡಿಸುವಂಥದ್ದು) ಇರಬೇಕು, ಅದೇ ಬಗೆಯ ಕೆಲಸವನ್ನು ಕನಿಷ್ಠ ಮೂರು ವರ್ಷ ಮಾಡಿದ ದಾಖಲೆ ಇರಬೇಕು. 2021ರ ಏಪ್ರಿಲ್ 1ರಿಂದ ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆ ತುಂಬಿ ನೋಂದಣಿ ಸಂಖ್ಯೆ ಪಡೆಯುವುದೂ ಕಡ್ಡಾಯ. ‘ಅದೇ ಬಗೆಯ ಕೆಲಸ’ ಎಂಬುದನ್ನು ಎರಡು ಸಲ ಓದಿ. ನಿಮ್ಮ ಸಂಘಕ್ಕೆ ಮುಂದಿನ ವರ್ಷ ಮೂರು ತುಂಬಿದರೂ, ಮೂರು ವರ್ಷ ಗಣೇಶೋತ್ಸವ ಮಾಡಿದ ದಾಖಲೆ ತೋರಿಸಿ ಶಿಕ್ಷಣದ ಅನುದಾನ ಕೇಳಲಾಗುವುದಿಲ್ಲ. ಒಂದು ದಿನದ ಸಮಾರಂಭ, ಪ್ರಶಸ್ತಿ, ಓಟದ ಸ್ಪರ್ಧೆಗಳ ಪ್ರಾಯೋಜಕತ್ವ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲವೆಂದು ಕೇಂದ್ರ ಸರ್ಕಾರ 2014ರಲ್ಲೇ ಸ್ಪಷ್ಟಪಡಿಸಿದೆ. ಆದರೆ ಕಂಪನಿ ತಾನೇ ನೇರವಾಗಿ ಕೆಲಸ ಮಾಡಲು ಅಡ್ಡಿಯಿಲ್ಲ. ಶಾಲೆಗೆ ಕಪಾಟು, ಪುಸ್ತಕ, ಮೇಜುಗಳನ್ನು ಕಂಪನಿಯೇ ಕೊಂಡು ಕೊಟ್ಟು, ನೋಡಿಕೊಳ್ಳುವ ಹೊಣೆಯನ್ನು ನಿಮ್ಮ ಸಂಘ ಹೊತ್ತರೆ 80ಜಿಯೂ ಬೇಡ, ಸಿಎಸ್‌ಆರ್-1ರ ಸಂಖ್ಯೆಯೂ ಬೇಡ. ಸಣ್ಣ ಸಂಘಗಳಿಗೆ ನಾನು ಮೊದಲು ಸೂಚಿಸುವುದು ಈ ದಾರಿಯನ್ನೇ.

ಯಕ್ಷಗಾನ ತರಗತಿಗೆ ಮಾತ್ರ ಹಣ ನಿಮ್ಮ ಖಾತೆಗೇ ಬರಬೇಕು. ಬಡಗಿನ ಹೆಜ್ಜೆ, ಚಂಡೆ, ಮದ್ದಳೆ ಕಲಿಸಲು ಗುರುಗಳಿಗೆ ಗೌರವಧನ ಕೊಡಲೇಬೇಕು, ವೇಷಭೂಷಣ ದುಬಾರಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಧನಸಹಾಯಕ್ಕೂ ವಾದ್ಯ, ವೇಷಭೂಷಣ ಖರೀದಿಗೂ ಅರ್ಜಿ ಕರೆಯುತ್ತದೆ. ಪತ್ರಿಕಾ ಪ್ರಕಟಣೆ ಬರುತ್ತದೆ, ಅರ್ಜಿ ರಾಜ್ಯ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ. ಇಲ್ಲೂ ಮೂರು ವರ್ಷದ ಅಸ್ತಿತ್ವ, ಲೆಕ್ಕ ಪರಿಶೋಧನೆಯ ವರದಿ, ಕಾರ್ಯಕ್ರಮಗಳ ಆಮಂತ್ರಣ ಪತ್ರಿಕೆ, ಛಾಯಾಚಿತ್ರ, ಪತ್ರಿಕಾ ತುಣುಕುಗಳನ್ನು ಕೇಳುತ್ತಾರೆ. ಪ್ರಕಟಣೆ ಬಂದ ಮೇಲೆ ಇವನ್ನು ಹುಡುಕಲು ಹೊರಟವರಿಗೆ ಗಡುವು ಸಾಲುವುದಿಲ್ಲ. ಕಾರವಾರದ ಜಿಲ್ಲಾ ಕಚೇರಿಗೆ ಈಗಲೇ ಒಮ್ಮೆ ಹೋಗಿ, ಕಳೆದ ಸಾಲಿನ ಅರ್ಜಿಯ ನಮೂನೆ ನೋಡಿ ಬನ್ನಿ. ತಂಡ ಗಟ್ಟಿಯಾದ ಮೇಲೆ ಕೇಂದ್ರ ಸಂಸ್ಕೃತಿ ಸಚಿವಾಲಯದ ಯೋಜನೆಗಳೂ ಇವೆ. ಗುರು ಶಿಷ್ಯರಿಗೆ ಮಾಸಿಕ ನೆರವು ಕೊಡುವ ರೆಪರ್ಟರಿ ಅನುದಾನ ಅವುಗಳಲ್ಲೊಂದು.

ಗಣೇಶೋತ್ಸವಕ್ಕೆ ಅನುದಾನ ಹುಡುಕಬೇಡಿ. ಅದು ಊರಿನ ಚಂದಾದಲ್ಲೇ ನಡೆಯಲಿ, ಮತ್ತು ಅದಕ್ಕೆ ಬೇರೆಯೇ ಉತ್ಸವ ಸಮಿತಿ, ಬೇರೆಯೇ ಖಾತೆ ಇರಲಿ. ಇದು ಭಕ್ತಿಯ ಪ್ರಶ್ನೆಯಲ್ಲ, ತೆರಿಗೆಯ ಪ್ರಶ್ನೆ. 80ಜಿ ಮಾನ್ಯತೆ ಇರುವ ಸಂಸ್ಥೆ ವರ್ಷದ ಆದಾಯದ ಶೇ. 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಉದ್ದೇಶಕ್ಕೆ ಖರ್ಚು ಮಾಡುವಂತಿಲ್ಲ. ಸಣ್ಣ ಸಂಘದ ವರ್ಷದ ಹಣದಲ್ಲಿ ಮುಕ್ಕಾಲು ಪಾಲು ಚೌತಿಗೇ ಹೋಗುತ್ತಿದ್ದರೆ 80ಜಿ ಕೈಗೆಟುಕುವುದಿಲ್ಲ. ಬೈಲಾದಲ್ಲಿ ‘ನಮ್ಮ ಸಮಾಜದವರ ಏಳಿಗೆಗಾಗಿ’ ಎಂದು ಬರೆಸಿಕೊಂಡ ಸಂಘಗಳಿಗೂ ಇದೇ ತೊಡಕು. ಒಂದು ಜಾತಿಯ ಅಥವಾ ಒಂದು ಧರ್ಮದವರ ಹಿತಕ್ಕೆಂದೇ ಇರುವ ಸಂಸ್ಥೆಗೆ 80ಜಿ ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವವಕ್ಕೆ ಮಾತ್ರ ವಿನಾಯಿತಿ. ಕರಾವಳಿಯಲ್ಲಿ ಸಮಾಜದ ಸಂಘಗಳೇ ಹೆಚ್ಚು, ಅವು ಮಕ್ಕಳಿಗೆ ವಿದ್ಯಾರ್ಥಿವೇತನ ಕೊಟ್ಟು ಒಳ್ಳೆಯ ಕೆಲಸವನ್ನೇ ಮಾಡುತ್ತಿವೆ. ಆದರೂ ಬೈಲಾದ ಆ ಒಂದು ಸಾಲು ಅವಕ್ಕೆ ಬಾಗಿಲು ಮುಚ್ಚುತ್ತದೆ. ನಿಮ್ಮ ಬೈಲಾ ತೆಗೆದು ಉದ್ದೇಶಗಳ ಪುಟವನ್ನು ಓದಿ. ಸಂಘ ವಿಸರ್ಜನೆಯಾದರೆ ಆಸ್ತಿ ಅದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಹೋಗಬೇಕು, ಸದಸ್ಯರು ಹಂಚಿಕೊಳ್ಳುವಂತಿಲ್ಲ ಎಂಬ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಮಹಾಸಭೆಯಲ್ಲಿ ತಿದ್ದುಪಡಿ ಮಾಡಿ ಜಿಲ್ಲಾ ನೋಂದಣಾಧಿಕಾರಿಯವರಿಗೆ ಸಲ್ಲಿಸಿ.

ಅಲ್ಲಿಗೆ ಹೋದಾಗಲೇ ಇನ್ನೊಂದನ್ನು ವಿಚಾರಿಸಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘ ನೋಂದಣಿಯಾಗುತ್ತದೆ. ಆಮೇಲೆ ಪ್ರತಿ ವರ್ಷ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ಸಲ್ಲಿಸಬೇಕೆಂಬುದು ಅನೇಕರ ಗಮನಕ್ಕೇ ಬರುವುದಿಲ್ಲ. ನೋಂದಣಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಎಷ್ಟೋ ಸಂಘಗಳು ಕಡತದಲ್ಲಿ ಬಾಕಿದಾರರು. ನಿಮ್ಮ ಎರಡು ವರ್ಷದ್ದು ಸಲ್ಲಿಕೆಯಾಗಿದೆಯೇ? ಆಗಿರದಿದ್ದರೆ ಬೇರೆ ಎಲ್ಲ ಅರ್ಜಿಗಿಂತ ಮೊದಲು ಅದು. ನಂತರ ಸಂಘದ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ಸ್ವಯಂಸೇವಾ ಸಂಸ್ಥೆಗಳು ಹೆಸರು ದಾಖಲಿಸುವ ನೀತಿ ಆಯೋಗದ ಜಾಲತಾಣವಾದ ಎನ್‌ಜಿಒ ದರ್ಪಣ್‌ನ ಸಂಖ್ಯೆ, ಕೊನೆಗೆ 12ಎ ಮತ್ತು 80ಜಿ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಈ ಸೆಕ್ಷನ್‌ಗಳ ಸಂಖ್ಯೆ ಬದಲಾಗಿದೆ, ಜನರ ಬಾಯಲ್ಲಿ ಹಳೆಯ ಹೆಸರುಗಳೇ ಉಳಿದಿವೆ. ಲೆಕ್ಕ ಪರಿಶೋಧಕರಿಗೆ ಅವರ ಶುಲ್ಕ ಕೊಡಿ, ಅದು ನ್ಯಾಯ. ದರ್ಪಣ್ ನೋಂದಣಿಗೆ, 12ಎ ಅರ್ಜಿಗೆ ಸರ್ಕಾರದ ಶುಲ್ಕವಿಲ್ಲ. ‘ಕಂಪನಿಯಿಂದ ಇಪ್ಪತ್ತು ಲಕ್ಷ ಕೊಡಿಸುತ್ತೇನೆ, ಮುಂಗಡ ಇಷ್ಟು ಕೊಡಿ, ಬಂದದ್ದರಲ್ಲಿ ಶೇಕಡಾ ಇಷ್ಟು ನಮಗೆ’ ಎಂದು ಬರುವವರನ್ನು ಬಾಗಿಲಲ್ಲೇ ಕಳುಹಿಸಿ. ಊರಿನ ಹುಡುಗರ ಹುಮ್ಮಸ್ಸನ್ನೂ ಹೆಸರನ್ನೂ ಒಟ್ಟಿಗೆ ಹಾಳುಮಾಡುವವರು ಇವರು, ಇವರ ಬಗ್ಗೆ ನನಗೆ ಸ್ವಲ್ಪವೂ ಸೈರಣೆಯಿಲ್ಲ.

ದಂಡೆಯ ಊರುಗಳಿಂದ ತಪ್ಪದೆ ಬರುವ ಉಪಪ್ರಶ್ನೆ ಒಂದಿದೆ: ದುಬೈ, ಕುವೈತ್‌ನಲ್ಲಿರುವ ನಮ್ಮೂರಿನವರು ಹಣ ಕಳುಹಿಸಿದರೆ ವಿದೇಶಿ ದೇಣಿಗೆಯೇ? ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ, ಬ್ಯಾಂಕ್ ಮೂಲಕ ಕಳುಹಿಸಿದ ಹಣ ವಿದೇಶಿ ದೇಣಿಗೆಯಾಗುವುದಿಲ್ಲ. ಪಡೆಯಬಹುದು, ರಸೀದಿ ಕೊಟ್ಟು ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಳ್ಳಿ. ಅಮೆರಿಕದ ಪೌರತ್ವ ಪಡೆದ ಸಂಬಂಧಿಕರು ಕಳುಹಿಸಿದರೆ ಅದು ವಿದೇಶಿ ದೇಣಿಗೆ, ಅವರು ಇದೇ ಊರಿನಲ್ಲಿ ಹುಟ್ಟಿ ಬೆಳೆದವರಾದರೂ ಸರಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿಯಿಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. ಆ ನೋಂದಣಿಗೆ ಮೂರು ವರ್ಷದ ಅಸ್ತಿತ್ವ, ಆ ಮೂರು ವರ್ಷಗಳಲ್ಲಿ 15 ಲಕ್ಷ ರೂಪಾಯಿ ಕೆಲಸದ ಖರ್ಚು ತೋರಿಸಬೇಕು. ನಿಮ್ಮ ಸಂಘಕ್ಕೆ ಸದ್ಯಕ್ಕೆ ಅದು ಬೇಕಾಗಿಲ್ಲ. ಚಂದಾ ಎತ್ತುವಾಗ ಒಂದು ನೆನಪಿರಲಿ: 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟವರಿಗೆ 80ಜಿ ರಿಯಾಯಿತಿ ಸಿಗುವುದಿಲ್ಲ. ದೊಡ್ಡ ದೇಣಿಗೆಗಳನ್ನು ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯಲ್ಲೇ ಪಡೆಯಿರಿ.

ಯಾವುದಾದರೂ ಅನುದಾನ ಮಂಜೂರಾದ ದಿನ ಆದೇಶದ ಷರತ್ತುಗಳನ್ನು ಕಾರ್ಯಕಾರಿ ಸಮಿತಿಯಲ್ಲಿ ಗಟ್ಟಿಯಾಗಿ ಓದಿಸಿ. ಯಾವ ಕೆಲಸಕ್ಕೆ ಕೊಟ್ಟಿದ್ದಾರೋ ಅದಕ್ಕೇ ಖರ್ಚಾಗಬೇಕು. ಚಂಡೆಗೆಂದು ಬಂದದ್ದರಲ್ಲಿ ಉಳಿದ ಐದು ಸಾವಿರವನ್ನು ಪೆಂಡಾಲಿಗೆ ಹಾಕುವಂತಿಲ್ಲ. ಸಂಘದ ಹೆಸರಿನಲ್ಲೇ ಬಿಲ್ ಪಡೆಯಿರಿ, ಅಧ್ಯಕ್ಷರ ಅಥವಾ ಖಜಾಂಚಿಯ ಹೆಸರಿನಲ್ಲಿ ಬೇಡ. ಕೆಲಸ ಮುಗಿದ ಮೇಲೆ ಹಣ ಬಳಕೆ ಪ್ರಮಾಣಪತ್ರವನ್ನು ಲೆಕ್ಕ ಪರಿಶೋಧಕರ ಸಹಿಯೊಂದಿಗೆ ಗಡುವಿನೊಳಗೆ ಸಲ್ಲಿಸಿ, ಖರ್ಚಾಗದೆ ಉಳಿದದ್ದನ್ನು ಆದೇಶದಲ್ಲಿ ಹೇಳಿದಂತೆ ಹಿಂದಿರುಗಿಸಿ. ಮುಂದಿನ ವರ್ಷ ಅದೇ ಕಚೇರಿಗೆ ಹೋದಾಗ ಅವರು ಮೊದಲು ತೆಗೆದು ನೋಡುವುದು ಆ ಪ್ರಮಾಣಪತ್ರವನ್ನೇ.